ನ್ಯಾಯಾಧೀಶನಿಗೆ ಯಾರ ಭಯ?

ಸಂತ ಥಾಮಸ್ ಮೋರ್ ಅವರ ವಿಚಾರಣೆ ನಡೆದದ್ದು 1535ರ ಜುಲೈ 1ರಂದು, ಲಂಡನ್ನಿನಲ್ಲಿ. ಅರಸ ಎಂಟನೆಯ ಹೆನ್ರಿಯನ್ನು ಧರ್ಮಸಭೆಯ ಶಿರಸ್ಸೆಂದು ಅವರು ಒಪ್ಪಿಕೊಂಡಿರಲಿಲ್ಲ. ನ್ಯಾಯಪೀಠದಲ್ಲಿ ಕುಳಿತವರನ್ನು ನೋಡಿ: ರಾಣಿ ಆನ್ ಬೊಲಿನ್ನಳ ತಂದೆ, ಸಹೋದರ, ಸೋದರಮಾವ, ಜೊತೆಗೆ ಅರಸನ ಮಂತ್ರಿ ಕ್ರಾಮ್‌ವೆಲ್. ಮರಣದಂಡನೆಯಲ್ಲದೆ ಇನ್ನೇನು ಬಂದೀತು?

ಪೀಠದಲ್ಲಿದ್ದವರೆಲ್ಲ ದುಷ್ಟರೆಂದು ನಾನು ಹೇಳಲಾರೆ. ನ್ಯಾಯಾಧೀಶನ ಅನ್ನವೇ ಅರಸನ ಕೈಯಲ್ಲಿದ್ದ ಕಾಲವದು. ಮುಂದೆ 1616ರಲ್ಲಿ ಅರಸ ಒಂದನೆಯ ಜೇಮ್ಸ್, ಒಂದು ವ್ಯಾಜ್ಯದಲ್ಲಿ ತನ್ನನ್ನು ಕೇಳದೆ ಮುಂದುವರಿಯಬಾರದೆಂದ. ಉಳಿದ ನ್ಯಾಯಾಧೀಶರು ಮಣಿದರು. ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಕೋಕ್ ಮಣಿಯಲಿಲ್ಲ. ಅದೇ ವರ್ಷ ಪದವಿ ಕಳೆದುಕೊಂಡರು.

ಅರಸನ ಈ ಅಧಿಕಾರಕ್ಕೆ ಕಡಿವಾಣ ಹಾಕಿದ್ದು 1701ರ ಉತ್ತರಾಧಿಕಾರ ಕಾಯಿದೆ. ನಡತೆ ಸರಿಯಿರುವವರೆಗೆ ಪದವಿ, ನಿಗದಿಯಾದ ಸಂಬಳ. ತೆಗೆಯಬೇಕಾದರೆ ಸಂಸತ್ತಿನ ಎರಡೂ ಸದನಗಳು ಕೇಳಬೇಕು. ನಮ್ಮ ಸಂವಿಧಾನದ 124ನೆಯ ವಿಧಿಯಲ್ಲೂ ಇದೇ ಎಳೆ ಇದೆ.

ಆದರೆ ನಮಗಿಲ್ಲಿ ಸ್ವಲ್ಪ ಇರುಸುಮುರುಸು. ಕಥೋಲಿಕರು ಇಂಗ್ಲೆಂಡಿನ ಸಿಂಹಾಸನ ಏರಕೂಡದೆಂದು ವಿಧಿಸಿದ್ದೂ ಇದೇ ಕಾಯಿದೆ. ಆ ನಿಷೇಧ ಇಂದಿಗೂ ಉಳಿದಿದೆ! ನಮ್ಮನ್ನು ದೂರವಿಟ್ಟವರ ಕೈಯಿಂದ ಬಂದ ಒಳಿತನ್ನು ಒಳಿತೆಂದು ಒಪ್ಪೋಣವೇ? ಒಪ್ಪಲೇಬೇಕು. ಆ ರಕ್ಷಣೆ 1535ರಲ್ಲೇ ಇದ್ದಿದ್ದರೆ ಒಬ್ಬ ನ್ಯಾಯಾಧೀಶನಾದರೂ ಮೋರ್ ಅವರ ಪರವಾಗಿ ಬಾಯಿ ತೆರೆಯಬಹುದಿತ್ತು.

ಜಮೀನಿನ ವ್ಯಾಜ್ಯ ಕೋರ್ಟಿಗೆ ಹೋದಾಗ ನಮ್ಮಲ್ಲಿ ಕೆಲವರು, "ಚಿಂತೆಯಿಲ್ಲ ಫಾದರ್, ಜಡ್ಜ್ ನಮ್ಮ ಕಡೆಯವರೇ" ಎಂದು ಹಿಗ್ಗುತ್ತಾರೆ. ಬೊಲಿನ್ ಮನೆಯವರು ಕುಳಿತಿದ್ದ ಪೀಠವನ್ನು ಅವರಿಗೆ ನೆನಪಿಸುತ್ತೇನೆ. ಆ ಮಾತು ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ.