ಹಳೆಯ ಫ್ರಿಜ್ಜಿನ ದಾನ

ಹೋದ ವರ್ಷ ಪುಣೆಯ ನಮ್ಮ ಫ್ಲ್ಯಾಟಿನ ಕರೆಂಟ್ ಬಿಲ್ ಇಳಿಸಲೇಬೇಕೆಂದು ಹಟ ಹಿಡಿದು ಕೂತೆ. ಪ್ರಾಜೆಕ್ಟ್ ಮ್ಯಾನೇಜರನ ಚಟ, ಎಕ್ಸೆಲ್ ತೆರೆದು ಯಾವುದು ಎಷ್ಟು ಯೂನಿಟ್ ತಿನ್ನುತ್ತದೆಂದು ಬರೆದಿಟ್ಟೆ. ಹಳೆಯ ಫ್ಯಾನಿಗೆ 75 ವ್ಯಾಟ್ ಬೇಕು, ಬಿಎಲ್‌ಡಿಸಿ ಮೋಟಾರಿನ ಹೊಸದಕ್ಕೆ 28 ಸಾಕು. ಹದಿನಾಲ್ಕು ವರ್ಷ ಹಳೆಯ ಫ್ರಿಜ್ಜಿಗೆ ಪುಟ್ಟ ಮೀಟರ್ ಸಿಕ್ಕಿಸಿ ಅಳೆದರೆ ದಿನಕ್ಕೆ ಎರಡು ಯೂನಿಟ್‌ಗೆ ಸ್ವಲ್ಪ ಕಮ್ಮಿ. ಫ್ಯಾನು, ಫ್ರಿಜ್ಜು ಎರಡನ್ನೂ ಬದಲಾಯಿಸಿದೆವು. ಬಿಲ್ ಇಳಿಯಿತು.

ಹಳೆಯ ಫ್ರಿಜ್ಜನ್ನು ಎಕ್ಸ್‌ಚೇಂಜಿಗೆ ಕೊಟ್ಟರೆ ಎರಡು ಸಾವಿರ ಸಿಗುತ್ತಿತ್ತು. "ಅದರ ಬದಲು ಮಾವಶಿಗೆ ಕೊಡೋಣ ರೀ" ಎಂದಳು ಹೆಂಡತಿ. ಮನೆಗೆಲಸಕ್ಕೆ ಬರುವ ಹೆಂಗಸನ್ನು ಇಲ್ಲಿ ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಅವರ ಮಕ್ಕಳು ಟೆಂಪೋ ತಂದು ಒಯ್ದರು. ಫ್ರಿಜ್ಜಿಗೆ ಅರಿಸಿನ ಕುಂಕುಮ ಹಚ್ಚಿದ ಫೋಟೋ ಸಂಜೆ ವಾಟ್ಸಾಪಿಗೆ ಬಂತು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ.

ಎರಡು ತಿಂಗಳಾದ ಮೇಲೆ ಮಾವಶಿ ಬಿಲ್ ಹಿಡಿದು ಬಂದರು. "ದಾದಾ, ಮೀಟರ್ ಕೆಟ್ಟಿದೆಯಾ ನೋಡಿ." ಮೀಟರ್ ಕೆಟ್ಟಿರಲಿಲ್ಲ. ತಿಂಗಳಿಗೆ 70 ಯೂನಿಟ್ ಬರುತ್ತಿದ್ದ ಮನೆಯಲ್ಲಿ 125 ಬಂದಿತ್ತು. ಮಹಾರಾಷ್ಟ್ರದಲ್ಲಿ ಮೊದಲ 100 ಯೂನಿಟ್‌ಗೆ ಒಂದು ದರವಾದರೆ, 101ರಿಂದ 300ರವರೆಗಿನ ಯೂನಿಟ್‌ಗೆ ಸುಮಾರು ಎರಡು ಪಟ್ಟು. ನಾನು ಕೊಟ್ಟ ಫ್ರಿಜ್ಜು ಅವರನ್ನು ಆ ಗೆರೆ ದಾಟಿಸಿತ್ತು.

ಕಠೋಪನಿಷತ್ತಿನ ನಚಿಕೇತನ ಕಥೆ ನಮಗೆಲ್ಲ ಗೊತ್ತು. ಅಪ್ಪ ಯಜ್ಞದಲ್ಲಿ ದಾನ ಕೊಡುತ್ತಿದ್ದದ್ದು ಹಾಲು ಬತ್ತಿದ ಮುದಿ ಹಸುಗಳನ್ನು. ಕೊಟ್ಟವನಿಗೆ ಪುಣ್ಯ, ಪಡೆದವನಿಗೆ ಮೇವಿನ ಖರ್ಚು. ನನ್ನದು ಅದಕ್ಕಿಂತ ವಾಸಿ, ಫ್ರಿಜ್ಜು ಇನ್ನೂ ತಣ್ಣಗೆ ಮಾಡುತ್ತಿತ್ತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಅದು ಎಷ್ಟು ಮೇವು ತಿನ್ನುತ್ತದೆಂದು ಮೀಟರ್ ಹಾಕಿ ಅಳೆದವನು ನಾನೇ. ಅದಕ್ಕೆಂದೇ ಅದನ್ನು ಮನೆಯಿಂದ ಹೊರಗೆ ಹಾಕಿದ್ದು. ಆ ಒಂದು ಅಂಕಿಯನ್ನು ಮಾತ್ರ ಮಾವಶಿಗೆ ಹೇಳಿರಲಿಲ್ಲ. ಆಫೀಸಿನಲ್ಲಿ ಯಾವ ಕ್ಲೈಂಟಿಗಾದರೂ ಖರೀದಿಯ ಬೆಲೆಯಷ್ಟೇ ಹೇಳಿ ನಡೆಸುವ ಖರ್ಚನ್ನು ಮುಚ್ಚಿಟ್ಟಿದ್ದರೆ ಅದನ್ನು ಮೋಸ ಎನ್ನುತ್ತಿದ್ದರು. ಬಿಟ್ಟಿ ಕೊಟ್ಟಿದ್ದಕ್ಕೆ ಅದು ಔದಾರ್ಯವಾಗಿಬಿಟ್ಟಿತ್ತು.

ಹಾಗಿದ್ದರೆ ಗುಜರಿಗೆ ಹಾಕುವುದೇ ಸರಿಯಿತ್ತೇ? ಎಲ್ಲವನ್ನೂ ಹೇಳಿ, ವಾಪಸ್ ತರಿಸಲೇ ಎಂದು ಕೇಳಿದೆ. ಮಾವಶಿ ಬೇಡವೆಂದರು. ಬೇಸಿಗೆಯಲ್ಲಿ ಹಾಲು ಒಡೆಯುವುದಿಲ್ಲ, ರಾತ್ರಿಯ ಭಾಜಿ ಬೆಳಿಗ್ಗೆ ಮಕ್ಕಳ ಡಬ್ಬಿಗಾಗುತ್ತದೆ, ಬಿಲ್ ಹೇಗೋ ಕಟ್ಟಿದರಾಯಿತು ಎಂದರು. ಅವರಿಗೆ ಏನು ಒಳ್ಳೆಯದೆಂದು ಅವರ ಪರವಾಗಿ ನಾನೇ ತೀರ್ಮಾನಿಸುವುದೂ ತಪ್ಪೇ. ಕೊಡುವ ಮೊದಲೇ ಲೆಕ್ಕ ಮುಂದಿಟ್ಟಿದ್ದರೆ ಆಯ್ಕೆ ಅವರದಾಗಿರುತ್ತಿತ್ತು. ನಾನು ಕಸಿದುಕೊಂಡದ್ದು ಅದನ್ನು.

ಮತ್ತೆ ಎಕ್ಸೆಲ್ ತೆರೆದೆ. ನನ್ನ ಕೋಣೆಯಲ್ಲಿ ಎಸಿ ಇರುವುದರಿಂದ ಫ್ಯಾನು ತಿರುಗುವುದು ದಿನಕ್ಕೆ ಏಳು ಗಂಟೆ. ಮಾವಶಿಯ ತಗಡಿನ ಮಾಡಿನ ಕೆಳಗೆ ಹದಿನಾರು. ಅದೇ 28 ವ್ಯಾಟಿನ ಫ್ಯಾನು ನನ್ನಲ್ಲಿ ತಿಂಗಳಿಗೆ 10 ಯೂನಿಟ್ ಉಳಿಸಿದರೆ ಅವರಲ್ಲಿ 22 ಉಳಿಸುತ್ತದೆ. ಎಲ್ಲಿ ಹೆಚ್ಚು ಉಳಿತಾಯವೋ ಅಲ್ಲಿಯೇ ಮೂರು ಸಾವಿರ ಒಟ್ಟಿಗೆ ಹಾಕುವ ಶಕ್ತಿಯಿಲ್ಲ. ಉಳಿಸುವುದಕ್ಕೂ ಮೊದಲು ಬಂಡವಾಳ ಬೇಕು. ನನ್ನ ಮಿತವ್ಯಯವನ್ನು ಗುಣವೆಂದುಕೊಂಡಿದ್ದೆ, ಅದರಲ್ಲಿ ಅರ್ಧ ಸಂಬಳದ್ದೇ ಗುಣ.

ದೀಪಾವಳಿಗೆ ಸೀರೆಯ ಜೊತೆ ಒಂದು ಹೊಸ ಫ್ಯಾನು ಕೊಟ್ಟೆವು, ಈ ಸಲ ಲೆಕ್ಕವನ್ನೂ ಹೇಳಿ. ಅದು ಅವರ ಮೇಲಿನ ಕಾಳಜಿಯೋ, ನನ್ನ ಕಸಿವಿಸಿಗೆ ಮದ್ದೋ, ಗೊತ್ತಿಲ್ಲ. ಮಾವಶಿಯ ಹೊಸ ಬಿಲ್ ಮೊನ್ನೆ ಬಂತು. 103 ಯೂನಿಟ್. ಗೆರೆಯ ಈಚೆಗೆ ಇನ್ನೂ ಮೂರು ಉಳಿದಿವೆ.