ಗುರಾಣಿಯ ಬೆಲೆ

ಹೊಸ ಮನೆಯ ಪಡಸಾಲೆಯ ಗೋಡೆಗೆ ಒಂದು ಗುರಾಣಿ, ಅದರ ಹಿಂದೆ ಅಡ್ಡಡ್ಡವಾಗಿ ಎರಡು ಕತ್ತಿ ತೂಗುಹಾಕುವ ಹವ್ಯಾಸ ಈಗ ನಮ್ಮ ಊರುಗಳಿಗೂ ಬಂದಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂತಹ ವ್ಯಾಪಾರದ ಊರುಗಳಲ್ಲಿ ನಾಲ್ಕು ಕಾಸು ಮಿಕ್ಕವರು ಇಂತಹ ವಸ್ತುಗಳನ್ನು ಮುಂಬೈಯಿಂದಲೋ ದಿಲ್ಲಿಯಿಂದಲೋ ತರಿಸಿಕೊಳ್ಳುತ್ತಾರೆ. ಇವು ಯಾವುವೂ ಯುದ್ಧ ಕಂಡವಲ್ಲ. ಹಳೆಯದನ್ನು ನೋಡಿ ಹೊಸದಾಗಿ ಕೈಯಿಂದ ಮಾಡಿದವು. ಉತ್ತರಾಖಂಡದ ಡೆಹ್ರಾಡೂನ್, ರೂರ್ಕಿಗಳಲ್ಲಿ ಇದು ದೊಡ್ಡ ಕಸುಬೇ ಆಗಿದೆ. ಯುರೋಪಿನ ಮಧ್ಯಯುಗದ ಯೋಧರು ತೊಡುತ್ತಿದ್ದ ಕವಚ, ಶಿರಸ್ತ್ರಾಣ, ಗುರಾಣಿಗಳು ಅಲ್ಲಿ ತಯಾರಾಗಿ ಹೊರದೇಶಗಳಿಗೆ ಹೋಗುತ್ತವೆ. ಹಳೆಯ ಕಾಳಗಗಳನ್ನು ಆಟವಾಗಿ ಆಡುವವರು ಮತ್ತು ಸಿನಿಮಾ ಮಂದಿ ಅವುಗಳ ಗಿರಾಕಿಗಳು.

ಯಾರ ಪ್ರಾಣವನ್ನೂ ಎಂದೂ ಕಾಯದ ಗುರಾಣಿಯೊಂದನ್ನು ಹಣ ಕೊಟ್ಟು ಮನೆಗೆ ತರುವಾಗ ನಾವು ಕೊಳ್ಳುವುದಾದರೂ ಏನನ್ನು? ಪ್ರಶ್ನೆ ಚಿಕ್ಕದೆನಿಸಬಹುದು. ಆದರೆ ಸತ್ಯ, ದುಡಿಮೆ, ಪ್ರತಿಷ್ಠೆ ಮೂರೂ ಅದರೊಳಗೆ ಸಿಕ್ಕಿಕೊಂಡಿವೆ.

ಮೊದಲು ಕೇಳಿಬರುವ ಆಕ್ಷೇಪವೆಂದರೆ, "ಅದು ನಕಲಿ" ಎಂಬುದು. ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಕಹಿಯಾದ ಅರ್ಥವಿದೆ. ರಾಣೆಬೆನ್ನೂರು ಬಿತ್ತನೆ ಬೀಜಕ್ಕೆ ಹೆಸರಾದ ಊರು. ಬೀಜ ನಕಲಿಯಾದರೆ ರೈತನ ಒಂದು ವರ್ಷದ ಬದುಕೇ ಮುಳುಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಅದರ ಕಡುಗೆಂಪು ಬಣ್ಣ, ಸುಕ್ಕುಗಟ್ಟಿದ ಮೈ, ಕಡಿಮೆ ಖಾರ ಯಾರಿಗೂ ಪರಿಚಿತ. ಬೇರೆ ಕಡೆಯ ಕಾಯಿಯನ್ನು ಚೀಲಕ್ಕೆ ತುಂಬಿ ಬ್ಯಾಡಗಿ ಎಂದು ಮಾರಿದರೆ ಅದು ಮೋಸ. ಆದರೆ ಗುಂಟೂರಿನ ಕಾಯಿಯನ್ನು ಗುಂಟೂರಿನದೆಂದೇ ಹೇಳಿ ಮಾರಿದರೆ? ಅದು ವ್ಯಾಪಾರ. ತಪ್ಪು ಕಾಯಿಯಲ್ಲಿಲ್ಲ, ಅದರ ಬಗ್ಗೆ ಆಡಿದ ಮಾತಿನಲ್ಲಿದೆ.

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ನೋಡಿದ ಪ್ರಸಂಗ ಹದೀಸ್‌ಗಳಲ್ಲಿದೆ. ಮೇಲೆ ಒಣಗಿದ್ದ ಕಾಳು ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ಮಾರುವವನು ಹೇಳಿದ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ಒದ್ದೆ ಕಾಳನ್ನು ಮಾರಬೇಡ ಎಂದು ಅವರು ಹೇಳಲಿಲ್ಲ, ಮುಚ್ಚಿಡಬೇಡ ಎಂದರು. ಮಾರುಕಟ್ಟೆಯಲ್ಲಿ ಬದುಕುವ ನಮ್ಮ ಊರುಗಳಿಗೆ ಇದಕ್ಕಿಂತ ಸ್ಪಷ್ಟವಾದ ನೀತಿ ಬೇಕಿಲ್ಲ. ಗುರಾಣಿಗೂ ಅದೇ ನೀತಿ ಅನ್ವಯಿಸುತ್ತದೆ. ಇಂತಿಂಥ ಕಾಲದ ಮಾದರಿಯಲ್ಲಿ ಇಂದು ಮಾಡಿದ್ದು ಎಂದು ಹೇಳಿ ಮಾರಿದರೆ ಅದು ಕಲೆ. ಆಮ್ಲ ಸವರಿ ತುಕ್ಕು ಬರಿಸಿ, ಮುನ್ನೂರು ವರ್ಷದ ಹಳೆಯದೆಂದು ಮಾರಿದರೆ ಅದು ಒದ್ದೆ ಧಾನ್ಯ.

ಹಾಗೆ ನೋಡಿದರೆ ಪ್ರಾಮಾಣಿಕವಾದ ನಕಲು ನಮ್ಮ ನೆಲಕ್ಕೆ ಹೊಸದೇನಲ್ಲ. ದೊಡ್ಡಾಟದ ವೇಷವನ್ನು ನೋಡಿ. ಹಗುರ ಕಟ್ಟಿಗೆಯಲ್ಲಿ ಕೊರೆದು, ಬಣ್ಣದ ಕಾಗದ ಮತ್ತು ಕನ್ನಡಿ ಚೂರು ಅಂಟಿಸಿದ ಕಿರೀಟ, ಭುಜಕೀರ್ತಿ, ಎದೆಯ ಪದಕ. ಬೆಳತನಕ ನೋಡುವ ಜನರಲ್ಲಿ ಅದನ್ನು ನಿಜವಾದ ಚಿನ್ನವೆಂದು ನಂಬಿದವರು ಯಾರೂ ಇಲ್ಲ. ಆದರೂ ಅರ್ಜುನನ ಕಷ್ಟಕ್ಕೆ ಕಣ್ಣೀರು ಹಾಕಿದವರುಂಟು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಮರೆಯಾಗುತ್ತಿರುವ ಹಳ್ಳಿಯ ಬದುಕನ್ನು ಆಳೆತ್ತರದ ಪ್ರತಿಮೆಗಳಲ್ಲಿ ಅಲ್ಲಿ ಮಾಡಿಟ್ಟಿದ್ದಾರೆ. ಅದೇ ತಾಲೂಕಿನ ಬಾಡದಲ್ಲಿ ಕನಕದಾಸರ ಹೆಸರಿನ ಅರಮನೆಯನ್ನು ಹೊಸದಾಗಿ ಕಟ್ಟಲಾಗಿದೆ. ಇವೆಲ್ಲ ಪ್ರತಿಕೃತಿಗಳೇ. ಯಾರನ್ನೂ ವಂಚಿಸುವುದಿಲ್ಲ, ಬದಲಿಗೆ ಇಲ್ಲದ್ದನ್ನು ನೆನಪಿಗೆ ತರುತ್ತವೆ.

ಇನ್ನು ಅಸಲಿಯ ಕಡೆ ಬರೋಣ. ಅಸಲಿಯಾದದ್ದೆಲ್ಲ ಶುದ್ಧವೆಂದು ನಾವು ಸುಲಭವಾಗಿ ಒಪ್ಪಿಬಿಡುತ್ತೇವೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನರ ಶಯನಗೃಹದ ಖಡ್ಗ 1 ಕೋಟಿ 40 ಲಕ್ಷ ಪೌಂಡ್‌ಗೂ ಹೆಚ್ಚಿಗೆ ಮಾರಾಟವಾಯಿತು. ಅದು ಅಸಲಿಯೇ. ಆದರೆ ಅದು ಲಂಡನ್ನಿಗೆ ಹೋದದ್ದು ಹೇಗೆ? 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆ ಕೊಳ್ಳೆಯಾಯಿತು. ದಾಳಿಯ ಮುಂದಾಳು ಡೇವಿಡ್ ಬೇರ್ಡ್‌ಗೆ ಆ ಖಡ್ಗ ಬಹುಮಾನವಾಗಿ ಸಂದಿತು. ಒಡೆಯ ಸತ್ತ ಮನೆಯಿಂದ ಎತ್ತಿ ತಂದ ವಸ್ತು ಇನ್ನೂರು ವರ್ಷಗಳ ನಂತರ ಕೈ ಬದಲಾಯಿಸಿದಾಗ, ಹಣ ಹೋದದ್ದು ಅದನ್ನು ಬಡಿದು ಮಾಡಿದ ಕಮ್ಮಾರನ ಮಕ್ಕಳಿಗೂ ಅಲ್ಲ, ಕಳೆದುಕೊಂಡವರಿಗೂ ಅಲ್ಲ. ಲೂಟಿಯ ಅಸಲಿಗಿಂತ ಕೂಲಿ ಕೊಟ್ಟು ಮಾಡಿಸಿದ ನಕಲೇ ಹೆಚ್ಚು ಹಲಾಲ್ ಎಂದು ನಾವು ಹೇಳಿದರೆ ತಪ್ಪಾಗಲಾರದು.

ಅಸಲಿಯ ಮೋಹಕ್ಕೆ ಇನ್ನೊಂದು ಅಪಾಯವೂ ಇದೆ. ನೂರು ವರ್ಷ ಮೀರಿದ ಇಂತಹ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ನಮ್ಮ ಸೀಮೆಯ ಹಳ್ಳಿಗಳಲ್ಲಿ ವೀರಗಲ್ಲುಗಳು ಬೇಕಾದಷ್ಟಿವೆ. ಕೆಳಗಿನ ಪಟ್ಟಿಯಲ್ಲಿ ಕತ್ತಿ ಗುರಾಣಿ ಹಿಡಿದು ಹೋರಾಡುವ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಪೂಜೆ. ಎಷ್ಟೋ ಕಲ್ಲುಗಳು ಬಯಲಲ್ಲಿ ಬಿದ್ದಿವೆ, ಕಾಯುವವರಿಲ್ಲ. ಹಳೆಯದು ಬೇಕೇಬೇಕು ಎನ್ನುವ ಶ್ರೀಮಂತರ ಹಟ ಹೆಚ್ಚಿದಷ್ಟೂ ಕಳ್ಳನಿಗೆ ದಾರಿ ಸಲೀಸು. ಒಳ್ಳೆಯ ಪ್ರತಿಕೃತಿಯಿಂದ ಆಸೆ ತೀರುವುದಾದರೆ, ಮೂಲ ವಸ್ತು ತನ್ನ ಊರಲ್ಲೇ ಉಳಿದೀತು.

ಹಾಗಾದರೆ ನಕಲು ಕೊಳ್ಳುವವನ ಹೊಣೆ ಅಲ್ಲಿಗೆ ಮುಗಿಯಿತೇ? ಇಲ್ಲ. ನಿಜವಾದ ಪ್ರಶ್ನೆ ಆರಂಭವಾಗುವುದೇ ಬೆಲೆ ಮಾತಾಡುವಾಗ. ಕುರ್‌ಆನಿನ ಸಬಅ್ ಅಧ್ಯಾಯದಲ್ಲಿ ಪ್ರವಾದಿ ದಾವೂದ್(ಅ)ರ ಪ್ರಸ್ತಾಪವಿದೆ. ಅಲ್ಲಾಹನು ಅವರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟು, ಕವಚ ಹೆಣೆಯಲು, ಅದರ ಬಳೆಗಳ ಅಳತೆ ಸರಿಯಾಗಿರಿಸಲು ಆದೇಶಿಸಿದನೆಂದು ಅಲ್ಲಿದೆ. ಅವರು ತಮ್ಮ ಕೈದುಡಿಮೆಯಿಂದಲೇ ಉಣ್ಣುತ್ತಿದ್ದರೆಂದು ಹದೀಸ್ ಹೇಳುತ್ತದೆ. ಅವರು ಪ್ರವಾದಿ, ಅರಸ, ಜೊತೆಗೆ ಕವಚ ಮಾಡುವ ಕಸುಬುದಾರ! ಕಸುಬಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೆ?

ಬಳೆ ಕವಚವೆಂದರೆ ಸಾವಿರಾರು ಸಣ್ಣ ಬಳೆಗಳನ್ನು ಒಂದರೊಳಗೊಂದು ಕೋದು ಹೆಣೆದ ಅಂಗಿ. ಪ್ರತಿ ಬಳೆಯ ತುದಿಗಳನ್ನು ಚಪ್ಪಟೆ ಮಾಡಿ, ತೂತು ಕೊರೆದು, ಚಿಕ್ಕ ಮೊಳೆ ಬಡಿದು ಮುಚ್ಚುವುದು ಗಟ್ಟಿಯಾದ ಕ್ರಮ. ತುದಿಗಳನ್ನು ಸುಮ್ಮನೆ ಒತ್ತಿ ಕೂಡಿಸುವುದು ಅಗ್ಗದ ಕ್ರಮ. ಮೊದಲನೆಯದಕ್ಕೆ ಎಷ್ಟೋ ಪಟ್ಟು ಹೆಚ್ಚು ಸಮಯ ಬೇಕು. ಢಾಲಿನ ಮೇಲೆ ಕಾಣುವ ನಾಲ್ಕು ಗುಬುಟುಗಳೂ ಬರೀ ಅಂದಕ್ಕಲ್ಲ. ಒಳಗಿನ ಹಿಡಿಕೆಯನ್ನು ಬಿಗಿದ ಮೊಳೆಗಳನ್ನು ಅವು ಮುಚ್ಚುತ್ತವೆ. ಇದು ತಿಳಿಯದೆ ಚೌಕಾಸಿಗೆ ಇಳಿಯುವವನು ಮೊಳೆ ಬಡಿದ ಕವಚವನ್ನು ಒತ್ತಿ ಕೂಡಿಸಿದ್ದರ ಬೆಲೆಗೆ ಕೇಳುತ್ತಾನೆ. ಆ ವ್ಯತ್ಯಾಸವನ್ನು ತುಂಬುವವರು ಯಾರು? ದಲ್ಲಾಳಿ ತನ್ನ ಪಾಲು ಬಿಡುವುದಿಲ್ಲ. ಕೊನೆಗೆ ಅದು ಕುಲುಮೆಯ ಮುಂದೆ ಕುಳಿತವನ ಹೊಟ್ಟೆಯಿಂದಲೇ ಹೋಗಬೇಕು.

ನಮ್ಮ ಕಡೆ ಶಿಕಲಗಾರ ಎಂಬ ಮನೆತನಗಳಿವೆ. ಅರಬ್ಬಿಯ 'ಸೈಕಲ್', ಅಂದರೆ ಹೊಳಪು ಕೊಡುವುದು ಎಂಬ ಮಾತಿನಿಂದ ಬಂದ ಹೆಸರಿದು. ದಖ್ಖನಿನ ಸೈನ್ಯಗಳ ಕತ್ತಿ, ಕವಚಗಳನ್ನು ಸಾಣೆ ಹಿಡಿದು ಬೆಳಗುತ್ತಿದ್ದವರ ಸಂತತಿ. ಸೈನ್ಯಗಳು ಹೋದವು, ಕೆಲಸವೂ ಹೋಯಿತು. ಇವತ್ತು ಆ ಹೆಸರಿನವರಲ್ಲಿ ಕೆಲವರು ಓಣಿ ಓಣಿ ತಿರುಗಿ ಚಾಕು, ಕತ್ತರಿ ಸಾಣೆ ಹಿಡಿಯುತ್ತಾರೆ. ಕಂಬಾರರ ಕಥೆಯೂ ಅದೇ. ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ಹಳ್ಳಿಗಳಲ್ಲಿ ಕುಲುಮೆ ಆರಿದೆ. ಗೋಡೆಯ ಮೇಲಿನ ಢಾಲಿಗೆ ಸಾವಿರಗಟ್ಟಲೆ ಕೊಡುವವರೇ ಬಾಗಿಲಿಗೆ ಬಂದ ಸಾಣೆಯವನೊಂದಿಗೆ ಐದು ರೂಪಾಯಿಗೆ ಜಗಳವಾಡುವುದನ್ನು ನಾವು ಕಾಣುತ್ತೇವೆ. ಪರಂಪರೆಯ ಮೇಲಿನ ಪ್ರೀತಿ ನಿಜವೋ ಸುಳ್ಳೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಕೊನೆಯದಾಗಿ ಉಳಿಯುವುದು ಪ್ರತಿಷ್ಠೆಯ ಮಾತು. ನೆರೆಮನೆಯ ಮಗುವಿನ ಶಾಲೆಯ ಫೀಸು ಬಾಕಿ ಇರುವಾಗ ನಮ್ಮ ಗೋಡೆಯ ಅಲಂಕಾರಕ್ಕೆ ಹಣ ಸುರಿದರೆ ಅದು ಇಸ್ರಾಫ್, ದುಂದು. ಇದರಲ್ಲಿ ವಾದವಿಲ್ಲ. ಆದರೆ ಹಣಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯವಿದೆ. ಕೆಲವರು ಆಯುಧ ಕೊಳ್ಳುವುದು ಅಂದಕ್ಕಲ್ಲ, ತಾವು ಯಾರ ವಂಶದವರು, ಯಾರನ್ನು ಸೋಲಿಸಿದವರು ಎಂದು ಸಾರುವುದಕ್ಕೆ. ಒಬ್ಬರಿಗೆ ಟಿಪ್ಪುವಿನ ಖಡ್ಗ, ಮತ್ತೊಬ್ಬರಿಗೆ ಇನ್ನೊಬ್ಬ ರಾಜನದು. ಗೋಡೆಯಿಂದ ಇಳಿದ ಕತ್ತಿ ಮೆರವಣಿಗೆಗೆ ಬಂದಾಗ ಅದು ನಕಲೋ ಅಸಲೋ ಎಂದು ಎದುರಿನ ಓಣಿಯ ತಾಯಿ ಕೇಳುವುದಿಲ್ಲ, ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕುತ್ತಾಳೆ. ಹರಿತವಾದ ಕತ್ತಿಯನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಆಟಿಕೆ ಎಂದು ಪರಿಗಣಿಸುವುದಿಲ್ಲ. ಮಾಡಿಸುವುದೇ ಆದರೆ ಅಲಗು ಮೊಂಡಾಗಿರಲಿ, ಜಾಗ ಗೋಡೆಯೇ ಆಗಿರಲಿ.

ಈ ದೃಷ್ಟಿಯಿಂದ ಕತ್ತಿಗೂ ಗುರಾಣಿಗೂ ದೊಡ್ಡ ಅಂತರವಿದೆ. ಕತ್ತಿಗೆ ಒಬ್ಬ ಶತ್ರು ಬೇಕು. ಗುರಾಣಿಗೆ ಕಾಯಬೇಕಾದ ಒಂದು ಜೀವ ಬೇಕು. ತುರುಗಾಳಗದಲ್ಲಿ ಮಡಿದವರಿಗೆ ಊರವರು ಕಲ್ಲು ನಿಲ್ಲಿಸಿದ್ದು, ಅವರು ಎಷ್ಟು ಜನರನ್ನು ಕೊಂದರೆಂದಲ್ಲ, ಊರಿನ ದನಗಳಿಗೆ ಅಡ್ಡ ನಿಂತರೆಂದು. ಹಾಗೆ ಅಡ್ಡ ನಿಲ್ಲಲು ಗುರಾಣಿ ಇರಲೇಬೇಕೆಂದೂ ಇಲ್ಲ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಎದೆಗೊಟ್ಟಾಗ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಅವರೊಂದಿಗೆ ಮಡಿದರು. ಈ ಜಿಲ್ಲೆಯ ಜನ ಶೌರ್ಯವೆಂದಾಗ ನೆನೆಯುವ ಈ ಮೂವರ ಮೈಮೇಲೆ ಕವಚವಿರಲಿಲ್ಲ.

ಪ್ರವಾದಿ(ಸ)ರು ಲೋಕ ತ್ಯಜಿಸಿದಾಗ ಅವರ ಕವಚ ಮನೆಯಲ್ಲಿರಲಿಲ್ಲ. ಮನೆಮಂದಿಯ ಊಟಕ್ಕೆ ಪಡೆದ ಮೂವತ್ತು ಸಾಅ್ ಜವೆಗೋಧಿಗಾಗಿ ಅದು ಒಬ್ಬ ಯಹೂದಿಯ ಬಳಿ ಒತ್ತೆಯಲ್ಲಿತ್ತು. ಅರಬ್ ನಾಡೇ ಅಧೀನವಾಗಿದ್ದಾಗಲೂ ಅವರು ಕವಚವನ್ನು ಪ್ರತಿಷ್ಠೆಗಾಗಿ ಉಳಿಸಿಕೊಳ್ಳಲಿಲ್ಲ, ಧಾನ್ಯವನ್ನು ಕಸಿದುಕೊಳ್ಳಲೂ ಇಲ್ಲ. ಅನ್ಯಧರ್ಮದ ನೆರೆಯವನು ನ್ಯಾಯವಾಗಿ ಕೇಳಿದ ಒತ್ತೆಯನ್ನು ಕೊಟ್ಟರು. ಕವಚಕ್ಕಿಂತ ಅನ್ನ ದೊಡ್ಡದು, ಅನ್ನಕ್ಕಿಂತ ನ್ಯಾಯ ದೊಡ್ಡದು ಎಂಬ ಲೆಕ್ಕ ಅದರಲ್ಲಿದೆ.

ಆದ್ದರಿಂದ ಗುರಾಣಿ ಕೊಳ್ಳಬೇಡಿ ಎಂದು ನಾವು ಹೇಳಲಾರೆವು. ಅದನ್ನು ಮಾಡಿದವನ ಕೂಲಿ ಪೂರ್ತಿ ಸಂದಿರಲಿ. ಅದು ಹೊಸದೆಂದು ನೋಡಲು ಬಂದವರಿಗೆ ಸಂಕೋಚವಿಲ್ಲದೆ ಹೇಳುವಂತಿರಲಿ. ಓಣಿಯಲ್ಲಿ ಗಲಾಟೆಯಾದ ದಿನ ಹೆದರಿ ಓಡಿಬಂದವರು ಯಾವ ಧರ್ಮದವರೇ ಆಗಲಿ, ಅದು ತೂಗುವ ಮನೆಯ ಬಾಗಿಲು ಅವರಿಗೆ ತೆರೆದಿರಲಿ. ಗುರಾಣಿ ಇರುವ ಮನೆ ಎನಿಸಿಕೊಳ್ಳಲು ಅಷ್ಟಾದರೂ ಬೇಕು.