ಶಂಕೆಯೂ ಪರೀಕ್ಷೆಯೂ

ಒಮ್ಮೆ ಮಾನ್ವಿಯಿಂದ ರಾಯಚೂರಿಗೆ ಮರಳುವಾಗ ನಮ್ಮ ಹಳೆಯ ಅಂಬಾಸಿಡರ್ ಕಾರಿನ ಇಂಜಿನ್ ಮಿಸ್ ಹೊಡೆಯತೊಡಗಿತು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾನೆಂದು ಶಂಕಿಸಿ ಚಾಲಕನನ್ನು ನಿಂದಿಸಿದೆನು.

ಮೆಕ್ಯಾನಿಕ್ ಯಾರನ್ನೂ ದೂರಲಿಲ್ಲ. ಇಂಜಿನ್ ಓಡುತ್ತಿರುವಾಗಲೇ ನಾಲ್ಕು ಪ್ಲಗ್ಗುಗಳ ವೈರುಗಳನ್ನು ಒಂದೊಂದಾಗಿ ಕಳಚಿ ಸಿಕ್ಕಿಸಿದನು. ಮೂರರಲ್ಲಿ ಸದ್ದು ಕುಗ್ಗಿತು. ಎರಡನೆಯದರಲ್ಲಿ ವ್ಯತ್ಯಾಸವೇ ಆಗಲಿಲ್ಲ. ಕೆಲಸ ಮಾಡದ ಸಿಲಿಂಡರ್ ಅದೇ. ಇಂಧನ ಕೆಟ್ಟಿದ್ದರೆ ನಾಲ್ಕೂ ಬಳಲಬೇಕಿತ್ತು. ಪ್ಲಗ್ಗುಗಳನ್ನು ಅದಲುಬದಲು ಮಾಡಿದಾಗಲೂ ದೋಷ ಅಲ್ಲಿಯೇ ಉಳಿಯಿತು. ಆದ್ದರಿಂದ ಪ್ಲಗ್ ನಿರ್ದೋಷಿ. ವೈರು ಬದಲಿಸಿದೊಡನೆ ಇಂಜಿನ್ ಸರಿಯಾಯಿತು.

ಶಂಕೆ ತಪ್ಪಲ್ಲ, ಶಂಕೆಯಿಲ್ಲದೆ ದೋಷ ದೊರೆಯದು. ಪರೀಕ್ಷೆಗೆ ಮೊದಲೇ ತೀರ್ಪು ಕೊಡುವುದು ತಪ್ಪು. ಖಾತೆಯಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ಬಾಬುಬಾಬಾಗಿ ನೋಡುವ ನಾನು, ಪ್ಲಗ್ಗಿಗೆ ದೊರೆತಷ್ಟು ವಿಚಾರಣೆಯನ್ನೂ ಮನುಷ್ಯನಿಗೆ ಕೊಡಲಿಲ್ಲ. ಚಾಲಕನ ಕ್ಷಮೆ ಕೇಳಿದೆನು. ಅವನು ಕ್ಷಮಿಸಿದನು, ಆಡಿದ ಮಾತು ಮಾತ್ರ ಮರಳಲಿಲ್ಲ.